ಬೆಣ್ಣೆಹಳ್ಳದಲ್ಲಿ ಕೇಳಿದ ಸಿಳ್ಳು

ನಾನು ಸುಲಭಕ್ಕೆ ನಂಬುವ ಆಸಾಮಿಯಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡೆನೆಂದು ಬಂದರೆ, "ರಾತ್ರಿ ಏನು ಉಂಡಿದ್ದಿ?" ಎಂದು ಕೇಳಿ, ಅವರ ಮುಖ ಕೆಡಿಸಿ ಕಳಿಸುತ್ತಿದ್ದೆ. ಮೂವತ್ತು ವರ್ಷ ಹುಡುಗರಿಗೆ ಗಣಿತ ಕಲಿಸಿದವನು ನಾನು. ಉತ್ತರ ಸರಿ ಬರದಿದ್ದರೆ ತಪ್ಪು ಲೆಕ್ಕದಲ್ಲಿಲ್ಲ, ಬಿಡಿಸಿದವನಲ್ಲಿದೆ ಎನ್ನುತ್ತಿದ್ದೆ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನ ಗೆಳೆಯ ಮೌಲಾಸಾಬನ ಸೈಕಲ್ ರಿಪೇರಿ ಅಂಗಡಿಯಿತ್ತು. ಸಾಲಿ ಮಾಸ್ತರನಿಗೂ ಪಂಕ್ಚರ್ ತಿದ್ದುವವನಿಗೂ ಎಲ್ಲಿಯ ನಂಟು ಎಂದು ಜನ ಆಡಿಕೊಳ್ಳುತ್ತಿದ್ದರು. ನಮ್ಮ ಸುತ್ತಲಿನ ಹಳ್ಳಗಳು ಎಲ್ಲಿ ಹುಟ್ಟಿ ಎಲ್ಲಿ ಕೂಡುತ್ತವೆ ಎಂದು ನಕ್ಷೆ ತೆಗೆದು ಸಾಲೆಯ ಗೋಡೆಗೆ ಹಾಕುವ ಹುಚ್ಚು ನನಗಿತ್ತು. ಅವನಿಗೆ ನಾಯಿ ಓಡಿಸಲು ಬಯಲು ಬೇಕಿತ್ತು. ಹೀಗಾಗಿ ರವಿವಾರ ಬೆಳಗಾಯಿತೆಂದರೆ ಎರಡು ಸೈಕಲ್ಲು, ಎರಡು ನಾಯಿ, ಒಂದು ಬುತ್ತಿಗಂಟು. ಉಣಕಲ್ ಕೆರೆಯ ಕೋಡಿ ನೀರಿನ ಬೆನ್ನು ಹತ್ತಿ ಹೋದೆವು. ಧಾರವಾಡದ ಹತ್ತಿರ ಶಾಲ್ಮಲೆ ಹುಟ್ಟುವ ಜಾಗಕ್ಕೆ ಹೋದಾಗ ಅವನು, "ಇದೇನ್ರಿ ಮಾಸ್ತರ, ನಮ್ಮ ಬಚ್ಚಲದಾಗ ಇದಕ್ಕಿಂತ ಜಾಸ್ತಿ ನೀರು ಹರಿತೈತಿ" ಎಂದ. ಅದಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ.

ನನ್ನ ನಾಯಿ ಕಾಳ್ಯಾ ಬೀದಿ ಜಾತಿಯದು, ಶುದ್ಧ ಹೊಟ್ಟೆಬಾಕ. ಅವನದು ತೂಫಾನ ಎಂಬ ಬೇಟೆನಾಯಿ, ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ. ಮನೆಯೊಳಗೆ ನಾಯಿ ಬರಕೂಡದೆಂದು ಅವನ ತಾಯಿ ಕಟ್ಟುನಿಟ್ಟು ಮಾಡಿದ್ದರಿಂದ ಅಂಗಡಿಯ ಹಿಂದೆ ಅದರ ವಾಸ. ಬೇಟೆನಾಯಿ ಪಳಗಿಸುವವರಲ್ಲಿ ನಮ್ಮ ಕಡೆ ಒಂದು ರೂಢಿಯಿದೆ: ಮರಿಯಿದ್ದಾಗಿನಿಂದ ಒಬ್ಬನೇ ರೊಟ್ಟಿ ಹಾಕಬೇಕು, ಒಬ್ಬನೇ ಕರೆಯಬೇಕು. ಮೌಲಾ ಹಾಗೆಯೇ ಬೆಳೆಸಿದ್ದ. ಆರು ವರ್ಷ ಅದು ಇನ್ನೊಬ್ಬರ ಕೈಯ ತುತ್ತು ಮುಟ್ಟಿರಲಿಲ್ಲ. ಅವನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು, ಹೀಗಾಗಿ ಬಾಯಿಗೆ ಬೆರಳಿಟ್ಟು ಸಿಳ್ಳು ಹೊಡೆದರೆ ಕೊನೆಗೆ ಸುಸ್ಸೆಂದು ಗಾಳಿ ಸೋರುತ್ತಿತ್ತು. ಓಣಿಯ ಹುಡುಗರು ಎಷ್ಟು ಅಣಕಿಸಿದರೂ ಆ ಸಿಳ್ಳು ಯಾರಿಗೂ ಬರಲಿಲ್ಲ. ಅವನು ಮದುವೆಯಾಗಿರಲಿಲ್ಲ. "ನನಗ ಹೆಂಡ್ತಿ, ಮಕ್ಕಳು ಎಲ್ಲಾ ಇದಽ ಐತಿ" ಎಂದು ತೂಫಾನನ ತಲೆ ತಿಕ್ಕುತ್ತಿದ್ದ. ಅದನ್ನು ಅವನು ತಮಾಷೆಗೆ ಹೇಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ರವಿವಾರ ಬೆಣ್ಣೆಹಳ್ಳಕ್ಕೆ ಹೋದೆವು. ಹೆಸರಿಗೆ ಬೆಣ್ಣೆ, ಮಳೆಗಾಲದಲ್ಲಿ ಎತ್ತು ಬಂಡಿ ಸಮೇತ ನುಂಗುವ ಹಳ್ಳ. ಆಗ ನೀರು ಮೊಣಕಾಲಿಗೆ ಇಳಿದಿತ್ತು. ಆದರೂ ಆ ಜಾಗಕ್ಕೆ ನಾವು ಬಂದದ್ದು ಬೇಡವಾಗಿತ್ತು ಎನಿಸಿತು. ಎರೆಮಣ್ಣು ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಜಾಲಿಮುಳ್ಳು ನನ್ನ ಧೋತರ ಹರಿಯಿತು. ಮೇಲಿನ ಹತ್ತಿ ಹೊಲದವನು ನಾಯಿಗಳನ್ನು ಕಂಡು ಮಣ್ಣಿನ ಹೆಂಟೆ ಬೀಸಿ, "ಸಾಯಾಕ ನಿಮಗ ಬ್ಯಾರೆ ಹಳ್ಳ ಸಿಗಲಿಲ್ಲೇನು?" ಎಂದು ಬೈದ. ನಾನೂ ತಿರುಗಿ ಬೈದೆ. ಸೂರ್ಯ ನೆತ್ತಿಯ ಮೇಲಿದ್ದ.

ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮೌಲಾ ಒಂದು ತುಣುಕು ತಾನು ತಿಂದು, ಒಂದು ತುಣುಕು ತೂಫಾನನಿಗೆ ಹಾಕುತ್ತಿದ್ದ. ಅವನ ಬಾಯಿ ತುಂಬ ರೊಟ್ಟಿಯಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡವನು ಸಿಳ್ಳು ಹೊಡೆಯಲಾರ. ಆಗ ಆಚೆ ದಂಡೆಯಿಂದ ಸಿಳ್ಳು ಬಂತು. ಅವನದೇ ಸಿಳ್ಳು, ಕೊನೆಗೆ ಸೋರುವ ಗಾಳಿ ಸಮೇತ.

ತೂಫಾನ ಕಿವಿ ನಿಮಿರಿಸಿತು. ಎದುರಿಗೆ ಕೂತ ಒಡೆಯನನ್ನು ಒಮ್ಮೆ ನೋಡಿತು, ಆಚೆಗೆ ಒಮ್ಮೆ ನೋಡಿತು. ಎರಡನೆಯ ಸಿಳ್ಳಿಗೆ ಬಾಯಲ್ಲಿದ್ದ ರೊಟ್ಟಿ ಬಿಟ್ಟು ನೀರಿಗೆ ಹಾರಿತು. ಆ ದಂಡೆಯಲ್ಲಿ ಲಕ್ಕಿ ಗಿಡಗಳ ದಟ್ಟ ಮೆಳೆಯಿತ್ತು. ಅದರ ಮುಂದೆ ಬಾಲ ಅಲ್ಲಾಡಿಸಿ, ಕುಣಿದು, ಒಳಗೆ ನುಗ್ಗಿತು. ನನ್ನ ಕಾಳ್ಯಾ ಬಿದ್ದ ರೊಟ್ಟಿಯನ್ನು ಮೂಸಿಯೂ ನೋಡದೆ ನನ್ನ ತೊಡೆಯ ಕೆಳಗೆ ತೂರಿಕೊಂಡಿತು. ಅದು ತಿನ್ನುವುದನ್ನು ಬಿಟ್ಟದ್ದು ನಾನು ಕಂಡದ್ದು ಅದೊಂದೇ ಸಲ.

"ಯಾಂವಲೇ ಅಂವ, ನನ್ನ ನಾಯಿ ಕರ್ಯಾಂವ?" ಎಂದು ಮೌಲಾ ಚಪ್ಪಲಿ ಸಮೇತ ನೀರಿಗಿಳಿದ. ಆ ದನಿಯಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚು ಹೆಚ್ಚಿತ್ತು. "ತಡಿಯೋ, ನಾನೂ ಬರ್ತೀನಿ" ಎಂದೆ, ಆದರೆ ಏಳಲಿಲ್ಲ. ಹೆದರಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವನು ಮೆಳೆಯ ಹಿಂದೆ ಹೋದ. ಸಿಳ್ಳು ನಿಂತಿತು, ಅವನ ಬೈಗುಳವೂ ನಿಂತಿತು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಏನೂ ಕೇಳಲಿಲ್ಲ. ಆಮೇಲೆ ನಾಯಿ ಚೀರಿತು.

ಮೌಲಾ ಕೊರಳಪಟ್ಟಿ ಹಿಡಿದು ತೂಫಾನನನ್ನು ದರದರ ಎಳೆದುಕೊಂಡು ಹೊರಬಂದ. ಮುಂಗೈಯಿಂದ ರಕ್ತ ಸುರಿಯುತ್ತಿತ್ತು. ಆರು ವರ್ಷ ಆ ಕೈಯಲ್ಲಿ ಉಂಡ ನಾಯಿ ಆ ಕೈಯನ್ನೇ ಕಚ್ಚಿತ್ತು. ಇನ್ನೂ ಕಾಲೂರಿ ಮೆಳೆಯ ಕಡೆಗೇ ಜಗ್ಗುತ್ತಿತ್ತು.

"ಯಾರಿದ್ರೋ?" ಎಂದೆ.

"ಯಾರೂ ಇಲ್ರಿ. ನಡೀರಿ."

ಊರು ಮುಟ್ಟುವವರೆಗೆ ಅವನು ಕೊರಳಪಟ್ಟಿ ಬಿಡಲಿಲ್ಲ.

ಅಂದಿನಿಂದ ತೂಫಾನ ಅವನು ಹಾಕಿದ ರೊಟ್ಟಿ ಮುಟ್ಟಲಿಲ್ಲ. ಹತ್ತಿರ ಬಂದರೆ ಹಲ್ಲು ಕಿರಿದು ಗುರುಗುಟ್ಟುತ್ತಿತ್ತು. ನಾಯಿಗೆ ಹುಚ್ಚು ಹಿಡಿದಿದೆ ಎಂದರು ಜನ. ಹುಚ್ಚು ಹಿಡಿದ ನಾಯಿ ತಿಂಗಳುಗಟ್ಟಲೆ ಬದುಕುವುದಿಲ್ಲ, ಇದು ಬದುಕಿತು, ನಾನು ಹಾಕಿದ್ದನ್ನು ತಿಂದುಕೊಂಡು. ಮೌಲಾ ಸಿಳ್ಳು ಹೊಡೆದರೆ ಈಗಲೂ ಏಳುತ್ತಿತ್ತು, ಬಾಲ ಅಲ್ಲಾಡಿಸುತ್ತಿತ್ತು. ಆದರೆ ಹೊಡೆದವನನ್ನು ಬಿಟ್ಟು ಬಾಗಿಲಾಚೆ, ಹಳ್ಳದ ದಿಕ್ಕಿಗೆ ನೋಡುತ್ತಿತ್ತು. ಅವನು ಹಾಲು ತಂದಿಟ್ಟ, ಬೇಡಿಕೊಂಡ, ಕೊನೆಗೆ ಸೈಕಲ್ ಚೈನಿನಿಂದ ಹೊಡೆದ. ಹೊಡೆದು ತಾನೇ ಅತ್ತ. ಕಾಳ್ಯಾ ಕೂಡ ಅವನ ಅಂಗಡಿಯ ಮೆಟ್ಟಿಲು ತುಳಿಯುವುದನ್ನು ಬಿಟ್ಟಿತ್ತು, ಅದೂ ನನ್ನ ಕಣ್ಣಿಗೆ ಬಿದ್ದಿತ್ತು.

ಇನ್ನೊಂದು ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮೂರನೆಯ ದಿನ ಸಾಲೆಗೆ ರಜೆ ಹಾಕಿ ಒಬ್ಬನೇ ಆ ಮೆಳೆಯ ಹಿಂದೆ ಹೋಗಿ ನೋಡಿದ್ದೆ. ಯಾವನೋ ಕಿಡಿಗೇಡಿಯ ಗುರುತು ಸಿಕ್ಕರೆ ಎಲ್ಲ ಬಗೆಹರಿಯುತ್ತದೆ ಎಂಬ ಆಸೆ. ಮೌಲಾನ ಚಪ್ಪಲಿ ಹಳೆಯ ಮೋಟಾರ್ ಟೈರು ಕತ್ತರಿಸಿ ಅವನೇ ಮಾಡಿಕೊಂಡದ್ದು, ಅದರ ಗೀರು ಹಸಿ ಮಣ್ಣಿನಲ್ಲಿ ಅಚ್ಚು ಹಾಕಿದಂತೆ ಮೂಡಿತ್ತು. ನೀರಿನಿಂದ ಮೆಳೆಗೆ ಹೋದ ಹೆಜ್ಜೆ ಒಂದು ಸಾಲು. ಮೆಳೆಯಿಂದ ನೀರಿಗೆ ಬಂದದ್ದು ಒಂದು ಸಾಲು, ಪಕ್ಕದಲ್ಲಿ ನಾಯಿಯ ಉಗುರು ಎಳೆದ ಗೆರೆ. ಮೂರನೆಯ ಸಾಲೊಂದಿತ್ತು. ಅದೇ ಗೀರು, ಬಲಗಾಲಿನ ಅಟ್ಟೆಗೆ ಬಡಿದ ಅದೇ ಮೊಳೆಯ ಗುರುತು. ಅದು ಮೆಳೆಯಿಂದ ಹೊರಟು ದಂಡೆಗುಂಟ ಪೂರ್ವಕ್ಕೆ ಹೋಗಿತ್ತು. ಗರಸಿನ ಗಟ್ಟಿ ನೆಲ ಬರುವವರೆಗೆ ಅದರ ಹಿಂದೆ ಹೋದೆ, ಮುಂದೆ ಗುರುತು ಸಿಗಲಿಲ್ಲ. ನಾನು ನಕ್ಷೆಯ ಕೆಲಸ ಅಲ್ಲಿಗೇ ಬಿಟ್ಟೆ. ನಾಯಿಗೆ ರೊಟ್ಟಿ ಹಾಕುವುದೊಂದು ಬಿಟ್ಟು, ಮೌಲಾನ ಅಂಗಡಿಗೆ ಹೋಗುವುದನ್ನೂ ಏನೇನೋ ನೆವ ಹೇಳಿ ಕಡಿಮೆ ಮಾಡಿದೆ.

ಬೇಸಿಗೆಯ ಹೊತ್ತಿಗೆ ತೂಫಾನ ಸರಪಳಿ ಕಿತ್ತುಕೊಂಡು ಓಡಿಹೋಯಿತು. ಹಳ್ಳದ ದಾರಿ ಹಿಡಿದದ್ದನ್ನು ಕಂಡವರಿದ್ದರು. ಅಂದು ಸಂಜೆ ಮೌಲಾ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಚಹಾ ಬೇಡವೆಂದ. ಆಮೇಲೆ ಕೇಳಿದ:

"ಮಾಸ್ತರ, ನೀವು ಸುಳ್ಳು ಹೇಳೂದಿಲ್ಲ ಅಂತ ಕೇಳಾಕತ್ತೇನಿ. ಅವತ್ತ ನಿಮ್ಮ ಜೋಡಿ ತಿರುಗಿ ಮನಿಗೆ ಬಂದಾಂವ ನಾನಽ ಹೌದಲ್ರಿ?"

ಎದುರಿಗೆ ಕೂತಿದ್ದವನು ಅವನೇ. ಅದೇ ಮುರಿದ ಹಲ್ಲು, ಎಣ್ಣೆ ಮೆತ್ತಿದ ಅದೇ ಉಗುರು. "ಹೌದೋ ಹುಚ್ಚಾ" ಎಂದುಬಿಟ್ಟಿದ್ದರೆ ಸಾಕಿತ್ತು. ಆ ಮೂರನೆಯ ಸಾಲು ಕಣ್ಣ ಮುಂದೆ ಬಂದು ನನ್ನ ನೋಟ ಅವನ ಚಪ್ಪಲಿಗೆ ಇಳಿಯಿತು. ಹೌದು ಎಂದು ಹೇಳಿದೆ, ಹೇಳಲಿಲ್ಲ ಅಂತಲ್ಲ. ಹೇಳುವಷ್ಟರಲ್ಲಿ ತಡವಾಗಿತ್ತು.

ಮೌಲಾ ಎದ್ದು ನಿಂತ. "ನಿಮಗಿಂತ ನಾಯಿ ಛಲೋರಿ. ಅದು ಮಾರಿ ಮ್ಯಾಲೆ ಹೇಳಿತು" ಎಂದು ಹೊರಟುಹೋದ.

ಆಮೇಲೆ ಇಪ್ಪತ್ತು ವರ್ಷ ಒಂದೇ ಊರಿನಲ್ಲಿದ್ದರೂ ಅವನು ನನ್ನ ಜೊತೆ ಮಾತಾಡಲಿಲ್ಲ. ಬಜಾರದಲ್ಲಿ ಎದುರಾದರೆ ಉಗುಳಿ ಹೋಗುತ್ತಿದ್ದ. ಹೋದ ವರ್ಷ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ನನ್ನ ಸರದಿ ಬಂದಾಗ ಮಣ್ಣು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟೆ. ಕೆಳಗೆ ಮಲಗಿರುವವನು ನನ್ನ ಗೆಳೆಯನೇ ಹೌದೇ ಎಂದು ಅಂದೂ ನನಗೆ ಹೇಳಲಾಗಲಿಲ್ಲ. ಹಿಂದೆ ನಿಂತಿದ್ದವನಿಗೆ ತಾಳ್ಮೆ ಕೆಟ್ಟಿತು. "ಲಗೂ ಹಾಕ್ರಿ ಮಾಸ್ತರ, ಏನು ನೋಡಾಕತ್ತೀರಿ?" ಎಂದು ಭುಜಕ್ಕೆ ತಿವಿದ.

ಹಾಕಿದೆ.