ಅವ್ವನ ಮೂಳೆಗೆ ಹೋದ ಸುದ್ದಿ

ನಮ್ಮೂರು ಕಣಕಟ್ಟೆಯ ಅಂಗಡಿಗೆ ಕಾಯಿನ್ ಫೋನ್ ಬಂದ ಹೊಸತು. ಅವ್ವ ಕೊಟ್ಟಿಗೆ ಮುಂದೆ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಳು. ನಾನಾಗ ದಿನಾ ಅರಸೀಕೆರೆಗೆ ಹೋಗಿಬಂದು ಬಿ.ಎಸ್ಸಿ. ಓದುತ್ತಿದ್ದೆ, ಓದಿದ್ದಕ್ಕಿಂತ ಮೇಷ್ಟರುಗಳ ದನಿ ಕಲಿತದ್ದೇ ಹೆಚ್ಚು.

ಸಿಮೆಂಟ್ ಪಟ್ಟಿ ಬಿಚ್ಚಿದ ದಿನ ಡಾಕ್ಟರು, "ಮೂಳೆ ಕೂಡಿದೆ. ಇನ್ನು ಕಾಲೂರಿ ನಡೀಬೇಕು ಕಣಮ್ಮ, ಇಲ್ದಿದ್ರೆ ಗಟ್ಟಿಯಾಗಲ್ಲ" ಎಂದರು. ಅವ್ವ ತಲೆಯಾಡಿಸಿದಳು. ಮನೆಗೆ ಬಂದು ಮಂಚ ಹತ್ತಿದವಳು ಇಳಿಯಲೇ ಇಲ್ಲ.

ನಮ್ಮ ಕಡೆ ಕಾಲು ಮುರಿದವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬ್ರೆಡ್ಡು ಅಥವಾ ಬನ್ನು, ಜೊತೆಗೊಂದು ಹೆದರಿಕೆ. "ಊರ್ಬ್ಯಾಡ ಕಣಕ್ಕ, ನಮ್ಮತ್ತೆ ಹಿಂಗೇ ಊರಿ ಮತ್ತೆ ಮುರ್ಕಂಡ್ರು" ಎಂದು ಎದುರುಮನೆ ಚಿಕ್ಕಮ್ಮ ಹೇಳಿ ಹೊಸಿಲು ದಾಟಿದ ಕೂಡಲೇ ನಾನು ಅದೇ ಮೂಗುದನಿಯಲ್ಲಿ ಒಪ್ಪಿಸುತ್ತಿದ್ದೆ. ಅವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಕಾಲು ದಿನೇ ದಿನೇ ಸೊರಗುತ್ತಿತ್ತು. ಇವಳು ಇನ್ನು ನಡೆಯುವುದೇ ಇಲ್ಲವೇನೋ ಎಂದು ನನಗೆ ಒಳಗೊಳಗೇ ದಿಗಿಲು.

ಒಂದು ದಿನ ನಮ್ಮ ಮೇಷ್ಟರಂತೆ ಗಂಟಲು ಸರಿಮಾಡಿಕೊಂಡೆ. "ಮೂಳೆ ಮಜ್ಜೆಲಿ ಕಾಂಡಕೋಶ ಅಂತ ಇರ್ತವೆ ಕಣವ್ವ. ಮುಂದೆ ಏನಾಗ್ಬೇಕು ಅಂತ ಅವಕ್ಕೇ ಗೊತ್ತಿರಲ್ಲ."

"ನಿನ್ ತರ."

"ಥೇಟ್ ನನ್ ತರ. ನೀನು ಕಾಲೂರಿದ್ರೆ ಮೂಳೆಗೆ ಭಾರ ಗೊತ್ತಾಯ್ತದೆ. ಮೂಳೆಲಿರೋ ಕೋಶಗಳು ಈ ಕಾಂಡಕೋಶಕ್ಕೆ ಸುದ್ದಿ ಕಳಿಸ್ತವೆ, ಬನ್ರೋ, ಮೂಳೆ ಕಟ್ಟೋಕೆ ಜನ ಬೇಕಾಗೈತೆ ಅಂತ. ಮಲಗೇ ಇದ್ರೆ ಸುದ್ದಿ ಹೋಗಲ್ಲ. ಎಷ್ಟೋ ಕಾಂಡಕೋಶ ಮೂಳೆಯಾಗೋ ಬದ್ಲು ಕೊಬ್ಬಾಗ್ಬಿಡ್ತವೆ."

"ಆಗ್ಲಿ ಬಿಡು. ನೀನು ಕೊಬ್ಬಿಲ್ವಾ, ಸಾಕ್ತಿಲ್ವಾ?"

ವಿಜ್ಞಾನ ಅಲ್ಲಿಗೆ ಮುಗಿಯಿತು. ಬೇರೇನೂ ತೋಚದೆ ಅವಳ ನಡಿಗೆಯನ್ನೇ ಆಡಿ ತೋರಿಸತೊಡಗಿದೆ. ಸೊಂಟಕ್ಕೆ ಟವೆಲ್ ಸುತ್ತಿ, ನೆರಿಗೆ ಎತ್ತಿದಂತೆ ಹಿಡಿದು, ಗದ್ದ ಮುಂದೆ ಚಾಚಿ, ತೋಟಕ್ಕೆ ಹೊರಟವಳಂತೆ ಪಡಸಾಲೆ ತುಂಬ ಓಲಾಡುತ್ತಾ ನಡೆದೆ.

"ಏಯ್, ನಾನೆಲ್ಲೋ ಹಂಗ್ ನಡೀತೀನಿ!"

"ಹಿಂಗೇ. ಬೇಕಾರೆ ಊರೋರ್ನ ಕೇಳು."

"ನಿನ್ ತಲೆ! ನೋಡಿಲ್ಲಿ." ಮಂಚದಿಂದ ಇಳಿದೇಬಿಟ್ಟಳು. ನನ್ನ ಹೆಗಲು ಹಿಡಿದು ಆ ಕಾಲನ್ನು ಮೆಲ್ಲಗೆ ಊರಿದಳು. ನೋವಿಗೆ ಮುಖ ಕಿವುಚಿದಳು. ಇನ್ನೊಂದು ಹೆಜ್ಜೆ ಇಟ್ಟಳು. ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ತಿರುಗಿ, "ಹಿಂಗ್ ನಡೆಯೋದು. ಬೆನ್ನು ನೆಟ್ಟಗಿಟ್ಕ" ಎಂದಳು.

ನಾನು ಬೇಕೆಂದೇ ಮತ್ತೆ ತಪ್ಪಾಗಿ ನಡೆದೆ. ಅವ್ವ ಬೈಯುತ್ತಾ, ತಿದ್ದಲು ನನ್ನ ಹಿಂದೆಯೇ ಅಂಗಳಕ್ಕಿಳಿದಳು.