ಡಾಕ್ಟರಿಗೆ ಹೇಳದ ಬೇರು

ಅಪ್ಪನ ಕೈ ಮೇಲಕ್ಕೆ ಹೋಗಿತ್ತು, ಕೆಳಗೆ ಬರಲಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ಇಲ್ಲಿಂದಲೇ ಶುರು ಮಾಡಿದ್ದೇನೋ. ಬಸ್ಸಿನಲ್ಲಿ ಕೂತಾಗ, ಹಾಲು ಕಾಯಿಸುವಾಗ, ತರಗತಿಯಲ್ಲಿ ಹಲಗೆಯ ಮೇಲೆ ಬರೆಯಲು ನನ್ನದೇ ಕೈ ಎತ್ತಿದಾಗ. ಪ್ರತಿ ಸಲವೂ ಆ ಕೈ ಅಲ್ಲೇ ನಿಲ್ಲುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ಇಚಲಕರಂಜಿಯ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಮಗ್ಗ ಕೆಟ್ಟರೆ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ನಾನು ಕೊಲ್ಹಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪನಿಗೆ ಬೀಪಿ ಇತ್ತು. ಕೊಲ್ಹಾಪುರದ ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ಮನೆಗೆ ತರುವವಳು ನಾನೇ.

ಗಡಹಿಂಗ್ಲಜದಲ್ಲಿದ್ದ ಅಪ್ಪನ ಅಕ್ಕನಿಗೆ ಈ ಗುಳಿಗೆ ಒಪ್ಪಿಗೆಯಾಗಲಿಲ್ಲ. ರಜೆಯಲ್ಲಿ ಹೋದಾಗ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟಳು. "ಇಂಗ್ಲಿಷ್ ಗುಳಿಗಿ ಮೈಗೆ ಕಾವು ನೋಡವ್ವಾ. ಇದು ಆಜರಾ ಕಾಡಿನ ಸರ್ಪಗಂಧಿ ಬೇರು, ನಾನ ಕುಟ್ಟೀನಿ. ತಲಿಯಾಗಿನ ರಕ್ತ ತಣ್ಣಗ ಮಾಡ್ತೈತಿ."

"ಡಾಕ್ಟರ ಗುಳಿಗಿ ಬಿಡಬಾರದಂತ ಹೇಳ್ಯಾರ, ಅತ್ತಿ."

"ಬಿಡು ಅಂದವರ‍್ಯಾರು? ಅದನ್ನೂ ತಗೊಳ್ಳಲಿ, ಇದನ್ನೂ ತಗೊಳ್ಳಲಿ."

ಹಾಗೇ ಆಯಿತು. ಅವ್ವ ಬೆಳಿಗ್ಗೆ ಗುಳಿಗೆ ಕೊಟ್ಟಳು, ಸಂಜೆ ಹಾಲಿನಲ್ಲಿ ಪುಡಿ ಕಲಸಿಕೊಟ್ಟಳು. ಡಾಕ್ಟರು, ಅತ್ತಿ ಇಬ್ಬರ ಮಾತೂ ನಡೆಯಿತು, ಯಾರ ಮನಸ್ಸೂ ನೋಯಲಿಲ್ಲ.

ಕೆಲವು ತಿಂಗಳಲ್ಲಿ ಅಪ್ಪ ನಿಧಾನವಾದ. ಹೆಜ್ಜೆ ಸಣ್ಣದಾಯಿತು. ನಡೆಯುವಾಗ ಕೈ ಬೀಸುವುದು ನಿಂತಿತು. ನಗು ದನಿಯಲ್ಲಿ ಇರುತ್ತಿತ್ತು, ಮುಖದಲ್ಲಿ ಇರುತ್ತಿರಲಿಲ್ಲ. ಸುಮ್ಮನೆ ಕೂತಾಗ ಬಲಗೈ ತೊಡೆಯ ಮೇಲೆ ತಾನಾಗಿಯೇ ನಡುಗುತ್ತಿತ್ತು. ಶೆಡ್ಡಿನಲ್ಲಿ ಪಕ್ಕದ ಮಗ್ಗದ ನೇಕಾರನಿಗೆ ಇದೊಂದು ಚೇಷ್ಟೆ. "ಏನ್ರೀ ಜಾಬರ್ ಸಾಹೇಬ್ರ, ಫೋಟೋ ತಗಸ್ಕೊಳಾಕ ನಿಂತೀರೇನು?" ಮೊದಲಾಗಿದ್ದರೆ ಅಪ್ಪ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಈಗ ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವನು ತನ್ನ ಮಗ್ಗಕ್ಕೆ ಹೋಗಿರುತ್ತಿದ್ದ.

ನಾನೇ ಅಪ್ಪನನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವನ ಮಣಿಕಟ್ಟು ಹಿಡಿದು ಮಡಚಿ ನೋಡಿದರು, ನಡೆಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾವುದಾದರೂ ಔಷಧ ತಗೊಳ್ಳುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದರು.

"ನಾಹೀ," ಅಂದೆ. ಇಲ್ಲ.

ಯಾಕೆ ಹಾಗಂದೆ? ನನ್ನ ತೊಡೆಯ ಮೇಲೆ ಕಾಲೇಜಿನ ಪುಸ್ತಕಗಳಿದ್ದವು. ನೀವು ಸೈನ್ಸ್ ವಿದ್ಯಾರ್ಥಿನಿಯಲ್ಲವೇ ಎಂದು ಅವರು ಆಗಷ್ಟೇ ಮೆಚ್ಚಿ ಕೇಳಿದ್ದರು. ಅದರ ಬೆನ್ನಿಗೇ ಅತ್ತಿ, ಬೇರು, ಪುಡಿ ಎನ್ನಲು ನಾಲಿಗೆ ಏಳಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ದ. ಹಾಗಾದರೆ ಕಂಪವಾತದ ಶುರು ಇರಬಹುದು ಎಂದು ಡಾಕ್ಟರು ಹೇಳಿದರು. ಬೀಪಿ ಗುಳಿಗೆ ಮುಂದುವರಿಯಿತು. ಪುಡಿಯೂ ಮುಂದುವರಿಯಿತು.

ಅದಾಗಿ ಎರಡು ವಾರಕ್ಕೆ ನಾನು ಮಧ್ಯಾಹ್ನದ ಬುತ್ತಿ ಹಿಡಿದು ಶೆಡ್ಡಿಗೆ ಹೋದೆ. ಆಗ ಮಗ್ಗಗಳು ನಡೆಯುತ್ತಿದ್ದದ್ದು ಸೂರಿನ ಕೆಳಗೆ ತಿರುಗುವ ಉದ್ದನೆಯ ಶಾಫ್ಟಿನಿಂದ. ಅದರಿಂದ ಪ್ರತಿ ಮಗ್ಗಕ್ಕೂ ಒಂದು ಚರ್ಮದ ಪಟ್ಟಾ ಇಳಿದುಬರುತ್ತಿತ್ತು. ಒಂದು ಪಟ್ಟಾ ಜಾರಿತ್ತು. ಅಪ್ಪ ಬಿದಿರುಕೋಲಿನಿಂದ ಅದನ್ನು ಮತ್ತೆ ಚಕ್ರಕ್ಕೆ ಏರಿಸುತ್ತಿದ್ದ. ಪಟ್ಟಾ ಏರಿತು. ಕೋಲು ಬಿತ್ತು. ಕೈ ಮಾತ್ರ ಅಲ್ಲೇ ಉಳಿಯಿತು.

"ಅಪ್ಪಾ, ಕೈ ತಗಿ!"

ಅವನಿಗೆ ಕೇಳಿಸಿತ್ತು. ಕಣ್ಣು ನನ್ನ ಕಡೆ ಹೊರಳಿತು. ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ಏನೂ ಇರಲಿಲ್ಲ. ಅಂಗಿಯ ತೋಳು ಪಟ್ಟಾಕ್ಕೆ ಸಿಕ್ಕಿತು, ಪಟ್ಟಾ ಅವನನ್ನು ಮೇಲಕ್ಕೆ ಎಳೆಯತೊಡಗಿತು. ನಾನು ಓಡಲಿಲ್ಲ. ಬುತ್ತಿ ಹಿಡಿದು ನಿಂತೇ ಇದ್ದೆ. ಓಡಿ ಬಂದವನು ಆ ಚೇಷ್ಟೆಯ ನೇಕಾರ. ಹಿಂದಿನಿಂದ ಅಪ್ಪನ ನಡುವಿಗೆ ಕೈ ಹಾಕಿ ಎಳೆದ, ಇಬ್ಬರೂ ನೆಲಕ್ಕೆ ಬಿದ್ದರು. ಹರಿದ ತೋಳು ಮೇಲೆ ಪಟ್ಟಾದ ಜೊತೆ ಸುತ್ತುತ್ತಿತ್ತು, ಪಟ್ ಪಟ್ ಪಟ್ ಎಂದು. ಮೋಟರ್ ನಿಂತ ಮೇಲೂ ಎರಡು ಸುತ್ತು ಹಾಕಿತು.

ಮಾಲೀಕರು ಬೈಯಲಿಲ್ಲ. "ಆತಾ ಘರೀ ಬಸಾ," ಅಂದರು. ಮನೆಯಲ್ಲಿ ಕೂತಿರಿ, ಕೈ ನೆಟ್ಟಗಾದ ಮೇಲೆ ಬನ್ನಿ ಎಂದು. ಕೈ ನೆಟ್ಟಗಾಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಾಲೇಜಿಗೆ ಮರಳಿದ ವಾರ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಇತ್ತು. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದರ ಕೆಳಗೆ 'ರಾವೊಲ್ಫಿಯಾ' ಎಂದಿತ್ತು, ಪಕ್ಕದಲ್ಲಿ ದೇವನಾಗರಿಯಲ್ಲಿ 'ಸರ್ಪಗಂಧಾ'. ಮೊದಲನೆಯ ಹೆಸರನ್ನು ನಾನು ತಿಂಗಳುಗಟ್ಟಲೆ ಗುಳಿಗೆ ಶೀಸೆಯ ಮೇಲೆ ನೋಡಿದ್ದೆ. ಡಾಕ್ಟರ ಗುಳಿಗೆ, ಅತ್ತಿಯ ಪುಡಿ, ಎರಡೂ ಒಂದೇ ಬೇರು. ಎರಡನ್ನೂ ಹೊತ್ತು ತಂದವಳು ನಾನು.

ಪ್ರಾಕ್ಟಿಕಲ್ ಬಿಟ್ಟು ನೇರ ದವಾಖಾನೆಗೆ ಹೋಗಿ ಎಲ್ಲ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಎರಡನ್ನೂ ಇವತ್ತೇ ನಿಲ್ಲಿಸಿ, ಬೀಪಿಗೆ ಬೇರೆ ಕೊಡುತ್ತೇನೆ ಅಂದರು. ಕೈ ವಾಪಸ್ ಬರುತ್ತದೆಯೇ ಎಂದು ಕೇಳಿದೆ. ಔಷಧದಿಂದಲೇ ಹೀಗಾಗಿದ್ದರೆ ಬರುತ್ತದೆ, ಕಂಪವಾತವೇ ಒಳಗೆ ಶುರುವಾಗಿದ್ದರೆ ಬರುವುದಿಲ್ಲ, ಕಾದು ನೋಡಬೇಕು ಅಂದರು.

ಅವರ ಮಾತಿನ ಒಳಗುಟ್ಟು ತಿಳಿದದ್ದು ವರ್ಷಗಳ ಮೇಲೆ, ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ. ಮಿದುಳಿನ ನಡುಭಾಗದಲ್ಲಿ ಕಪ್ಪು ಛಾಯೆಯ ಜೀವಕೋಶಗಳ ಸಣ್ಣದೊಂದು ಪಟ್ಟಿ ಇದೆ. ನಾವು ತಿಂದ ಬೇಳೆ, ಹಾಲಿನಲ್ಲಿರುವ ಟೈರೋಸಿನ್ ಎಂಬ ವಸ್ತುವನ್ನು ಅವು ಡೋಪಾ ಮಾಡುತ್ತವೆ, ಡೋಪಾವನ್ನು ಡೋಪಮೈನ್ ಮಾಡುತ್ತವೆ, ಅದನ್ನು ಕಣ್ಣಿಗೆ ಕಾಣದ ಚೀಲಗಳಲ್ಲಿ ತುಂಬಿಡುತ್ತವೆ. ಕೈ ಎತ್ತುವುದಕ್ಕೂ ಇಳಿಸುವುದಕ್ಕೂ ಆ ಚೀಲ ಬಿಚ್ಚಬೇಕು. ಅವ್ವ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಎಷ್ಟೇ ಸುತ್ತಲಿ, ತಳ ಹರಿದ ಬುಟ್ಟಿಯಲ್ಲಿ ಹಾಕಿ ಕಳಿಸಿದರೆ ಮಗ್ಗಕ್ಕೆ ಏನು ತಲುಪೀತು? ಸರ್ಪಗಂಧಿ ಆ ಬುಟ್ಟಿಯ ತಳ ಹರಿಯುತ್ತದೆ. ಬೇರು ನಿಲ್ಲಿಸಿದರೆ ಕೋಶಗಳು ಹೊಸ ಬುಟ್ಟಿ ಹೆಣೆದುಕೊಳ್ಳುತ್ತವೆ. ನಿಜವಾದ ಕಂಪವಾತದಲ್ಲಿ ಸುತ್ತುವ ಕೋಶಗಳೇ ಸಾಯುತ್ತವೆ.

ಆಗ ಇದೊಂದೂ ಗೊತ್ತಿರಲಿಲ್ಲ. ಪ್ರತಿ ವಾರ ಮನೆಗೆ ಬಂದೆ. ಅಪ್ಪ ಅಂಗಿಯ ಗುಂಡಿ ಹಾಕುವುದನ್ನು ಕದ್ದು ನೋಡಿದೆ. ಒಂದು ವಾರ ಪರವಾಗಿಲ್ಲ ಅನಿಸಿತು, ಮರುವಾರ ಇಲ್ಲ ಅನಿಸಿತು.

ಎರಡು ತಿಂಗಳಾಗಿರಬೇಕು. ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಫಕ್ಕನೆ ಅವನ ಬಲಗೈ ಮೇಲೆದ್ದಿತು.

"ಅಪ್ಪಾ, ಕೈ!" ಎಂದು ಕಿರುಚಿದೆ.

ಕೈ ಕುತ್ತಿಗೆಯ ಮೇಲಿನ ಸೊಳ್ಳೆಗೆ ಚಟ್ಟನೆ ಬಡಿದು ಕೆಳಗಿಳಿದಿತ್ತು. "ಯಾಕ ಹಿಂಗ ಒದರ್ತಿ? ಗುಂಗಾಡ ಕಡೀತವ್ವಾ," ಅಂದ. ಆಮೇಲೆ ಅವನಿಗೇ ಹೊಳೆಯಿತು. ಕೈ ಮತ್ತೆ ಎತ್ತಿದ, ಇಳಿಸಿದ. ನಕ್ಕ. ಮುಖದಿಂದ ನಕ್ಕ.

ಅಳು ತಡೆಯಲಾಗದೆ ಹೇಳಿಬಿಟ್ಟೆ. "ಡಾಕ್ಟರ ಕೇಳಿದ್ದರಪ್ಪಾ. ನಾನ ಇಲ್ಲ ಅಂದೆ. ಬೇರಿನ ಮಾತ ಹೇಳಾಕ ನಾಚಿಕಿ ಬಂತು."

"ನಾನೂ ಅಲ್ಲೇ ಕುಂತಿದ್ದೆನಲ್ಲ. ನನಗ ಮರಾಠಿ ಬರೂದಿಲ್ಲೇನು?"

"ಮತ್ತ ನೀ ಯಾಕ ಹೇಳಲಿಲ್ಲ?"

"ಕಾಲೇಜ ಕಲಿಯೂ ಮಗಳು ಇಲ್ಲ ಅಂದ ಮ್ಯಾಲ, ಡಾಕ್ಟರ ಮುಂದ ನಾ ಹೌದ್ರಿ ಅಂದ್ರ ನಿನ್ನ ಮಾತ ಸುಳ್ಳಾಗ್ತಿತ್ತು."

ಮುಂದಿನ ಸೋಮವಾರ ಅಪ್ಪ ಶೆಡ್ಡಿಗೆ ಹೋದ. ನಾನು ಕೊಲ್ಹಾಪುರದ ಬಸ್ಸು ಹತ್ತಲಿಲ್ಲ. ಗಲ್ಲಿಯಾಚೆಯ ಶೆಡ್ಡಿನಿಂದ ಕೇಳುವ ಮಗ್ಗಗಳ ಸದ್ದು ನಡುವೆ ಎಲ್ಲಾದರೂ ತಟ್ಟನೆ ನಿಂತೀತೇ ಎಂದು ಮಧ್ಯಾಹ್ನದವರೆಗೂ ಮನೆಯ ಬಾಗಿಲಲ್ಲೇ ನಿಂತಿದ್ದೆ.