ಪಾಠದಲ್ಲಿ ಇಲ್ಲದ ಉತ್ತರ

ನನ್ನ ಮೊಮ್ಮಗಳು ಮುನಿಯಮ್ಮ ಚಿನ್ನದ ಪಾಠವನ್ನು ತಡವರಿಸದೆ ಓದಿ ಪುಸ್ತಕ ಮುಚ್ಚಿದಳು. ಪಾಸಾಗದಿದ್ದರೆ ಶಾಲೆ ಬಿಡಿಸಿ ಆಡು ಕಾಯಲು ಕಳಿಸುತ್ತೇನೆಂದು ಅವಳ ತಾಯಿ ಹೇಳಿಬಿಟ್ಟಿದ್ದಳು. ನಾನು ಶಾಲೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ.

ಬೌರಿಂಗ್‌ಪೇಟೆಯಿಂದ ಪರೀಕ್ಷೆ ಮಾಡಲು ಬಂದ ಶಾಲಾ ಇನ್‌ಸ್ಪೆಕ್ಟರು ಮೊದಲು ಸುಲಭದ್ದು ಕೇಳಿದರು. “ಚಿನ್ನ ಎಲ್ಲಿ ಸಿಗುತ್ತೆ?”

“ನೆಲದೊಳಗೆ, ಸಾಮಿ.”

“ಅಷ್ಟು ಆಳದಿಂದ ಯಾಕೆ ತೆಗೀತಾರೆ?”

“ಒಡವೆ ಮಾಡಾಕೆ.”

ಆಮೇಲೆ ಕಷ್ಟದ ಪ್ರಶ್ನೆ ಬಂತು. “ದುಡಿದು ಚಿನ್ನ ತೆಗೆದವನಿಗೆ ಕೊನೆಗೆ ಏನಾಗುತ್ತೆ?”

ಸುಖ ಸಂಪತ್ತು ಸಿಗುತ್ತದೆ ಎಂದು ಪುಸ್ತಕದಲ್ಲಿತ್ತು. ಓದು ಬರಹ ಅಷ್ಟಕ್ಕಷ್ಟೇ ಆದರೂ ನಾನೇ ಕೂತು ಅದನ್ನು ಬಾಯಿಪಾಠ ಮಾಡಿಸಿದ್ದೆ.

ಮುನಿಯಮ್ಮ ಹೇಳಿದಳು, “ಗಣಿ ಗೇಟ್ನಾಗೆ ನಿಲ್ಲಿಸಿ, ಬಾಯಿ ತೆಗೆಸಿ, ತಲೆಕೂದ್ಲೊಳಗೂ ತಡಕ್ತಾರೆ ಸಾಮಿ. ನಮ್ ತಾತಂಗೆ ದಿನಾ ಅಂಗೇ ಮಾಡ್ತಾರೆ.”

ಇನ್‌ಸ್ಪೆಕ್ಟರು ಪುಸ್ತಕ ನೋಡಿದರು, ಕಿಟಕಿಯಲ್ಲಿದ್ದ ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಶಾಲೆಯ ಮೇಷ್ಟರ ಕಡೆ ತಿರುಗಿ “ಇದು ಪಾಠದಲ್ಲಿ ಇಲ್ಲವಲ್ಲ ಮೇಷ್ಟ್ರೇ” ಎನ್ನುತ್ತಲೇ ಪಾಸು ಮಾಡಿದರು.

ಮಾರನೆಯ ದಿನ ಕೆಲಸ ಮುಗಿಸಿ ಗಣಿಯಿಂದ ಮೇಲೆ ಬಂದಾಗ, ಬಾಯಿ ತೆಗಿ ಎಂದು ಗೇಟಿನ ಕಾವಲುಗಾರ ನನಗೆ ಹೇಳಬೇಕಾಗಲಿಲ್ಲ. ಹಿಂದಿನ ದಿನದಿಂದ ನಕ್ಕು ನಕ್ಕು ನನ್ನ ಬಾಯಿ ತೆರೆದೇ ಇತ್ತು.